ಕೆಸರಿನ ಅಳಿವೆಯಲ್ಲಿ ಕಟ್ಟಿದ ಸಂಪತ್ತು: ಲಿವರ್‌ಪೂಲ್ ಬಂದರಿನ ನೀರಿನ ಕಥೆ

ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಕನ್ನಡಿಗರಿಗೆ ಬಂದರೆಂಬುದು ಅಪರಿಚಿತವಾದ ಸ್ಥಳವಲ್ಲ. ನಮ್ಮ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಮಂದಿ ಮಂಗಳೂರು, ಕಾರವಾರಗಳ ಕಡೆಯಿಂದ ಆಗಬೋಟಿನಲ್ಲಿ ಬಂದು ಇಲ್ಲಿಯ ಧಕ್ಕೆಯ ಮೇಲೆಯೇ ಮೊದಲು ಕಾಲಿಟ್ಟವರು. ಬಂದರಿನ ಬದಿಯ ಹೋಟೆಲುಗಳಲ್ಲಿ ಹಮಾಲರಿಗೆ ಚಹ ಒದಗಿಸುತ್ತ, ಶಿಪ್ಪಿಂಗ್ ಕಚೇರಿಗಳಲ್ಲಿ ಬಿಲ್ಲು ಬರೆಯುತ್ತ ಆಯುಷ್ಯ ಸವೆಸಿದವರೂ ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಡಾಕಿಗೆ ಇಲ್ಲಿನವರು ‘ಗೋದಿ’ ಎನ್ನುವರು. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಗೋದಿಯಲ್ಲಿ ಕೆಲಸವೆಂದರೆ ಹಿಟ್ಟಿನ ಗಿರಣಿಯ ನೆನಪಾಗುವುದೂ ಉಂಟು. ಆ ಗೋದಿಯ ಅಂಚಿನಲ್ಲಿ ನಿಂತವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹೊರಗೆ ಸಮುದ್ರವು ದಿನಕ್ಕೆರಡು ಸಲ ಏರಿ ಇಳಿಯುತ್ತಿದ್ದರೂ ಬಾಗಿಲು ಮುಚ್ಚಿದ ಡಾಕಿನ ಒಳಗಿನ ನೀರು ಪರಾತದಲ್ಲಿ ತುಂಬಿಟ್ಟಂತೆ ನಿಶ್ಚಲವಾಗಿರುತ್ತದೆ. ೧೮೮೦ರ ಪ್ರಿನ್ಸಸ್ ಡಾಕ್, ೧೮೮೮ರ ವಿಕ್ಟೋರಿಯಾ ಡಾಕ್, ೧೯೧೪ರ ಅಲೆಕ್ಸಾಂಡ್ರಾ ಡಾಕ್, ಅಂದರೆ ಈಗಿನ ಇಂದಿರಾ ಡಾಕ್, ಇವೆಲ್ಲವನ್ನೂ ಕಟ್ಟಿದ್ದು ಈ ಒಂದೇ ಉಪಾಯದ ಮೇಲೆ.

ಸರಕು ಏರಿಸಿ ಇಳಿಸುವ ವ್ಯಾಪಾರದ ಕೆಲಸಕ್ಕೆ ಈ ಉಪಾಯವನ್ನು ಜಗತ್ತಿನಲ್ಲಿಯೇ ಮೊದಲು ಬಳಸಿದ ಊರು ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಲಿವರ್‌ಪೂಲ್. ವರ್ಷ ೧೭೧೫. ಆ ನೀರಿಗೆ ಬಾಗಿಲು ಹಾಕಿಸಿದವರು ಯಾರು, ಆ ಬಾಗಿಲು ತೆರೆದು ಯಾವ ಹಡಗುಗಳು ಹೊರಟವು, ಅದರ ಲಾಭನಷ್ಟಗಳು ಎಲ್ಲೆಲ್ಲಿಯ ಜನರ ಹೆಗಲ ಮೇಲೆ ಬಿದ್ದವು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯಲು ತೊಡಗಿದ್ದೇವೆ. ಕಥೆಯ ಒಂದು ಕವಲು ನಮ್ಮ ಧಾರವಾಡದ ಎರೆಹೊಲದವರೆಗೂ ಬರುತ್ತದೆ.

ಲಿವರ್‌ಪೂಲ್ ಎಂಬ ಹೆಸರಿಗೆ ಕೆಸರು ನೀರಿನ ಕೊಳ ಎಂಬ ಅರ್ಥವನ್ನು ಪಂಡಿತರು ಹೇಳುತ್ತಾರೆ. ಮರ್ಸಿ ಎಂಬ ನದಿಯು ಸಮುದ್ರವನ್ನು ಸೇರುವಲ್ಲಿ ಅದರ ಬಲದಂಡೆಯಿಂದ ಒಳಕ್ಕೆ ಚಾಚಿಕೊಂಡಿದ್ದ ಒಂದು ಸಣ್ಣ ಅಳಿವೆಯೇ ಆ ಕೊಳ. ೧೨೦೭ರಲ್ಲಿ ಜಾನ್ ದೊರೆಯು ಅಲ್ಲಿ ಪೇಟೆಯನ್ನು ಸ್ಥಾಪಿಸುವ ಸನ್ನದನ್ನು ಕೊಟ್ಟನು. ಆದರೆ ಐನೂರು ವರ್ಷಗಳ ಕಾಲ ಅದು ಹೇಳಿಕೊಳ್ಳುವಂಥ ಊರಾಗಲಿಲ್ಲ. ೧೭೦೦ರ ಸುಮಾರಿಗೆ ಅಲ್ಲಿಯ ಜನಸಂಖ್ಯೆ ಐದಾರು ಸಾವಿರ. ನಮ್ಮ ಕುಂದಾಪುರ, ಕುಮಟೆಗಳಿಗಿಂತ ದೊಡ್ಡದೆಂದು ಜಂಬಪಡುವ ಹಾಗಿರಲಿಲ್ಲ.

ಅಡ್ಡಿಯಾಗಿದ್ದುದು ನೀರೇ. ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ನಾಲ್ಕೈದು ಅಡಿಗಳ ವ್ಯತ್ಯಾಸ. ಮುಂಬಯಿಯಲ್ಲಿ ಅದು ಹದಿನಾಲ್ಕು ಹದಿನೈದು ಅಡಿಗಳವರೆಗೆ ಹೋಗುತ್ತದೆ. ಮರ್ಸಿ ನದಿಯ ಮುಖದಲ್ಲಿಯಾದರೋ ಹುಣ್ಣಿಮೆ ಅಮಾವಾಸ್ಯೆಗಳ ವೇಳೆಗೆ ಮೂವತ್ತು ಅಡಿಗಳಷ್ಟು ನೀರು ಏರಿ ಇಳಿಯುವುದು. ಬೆಳಿಗ್ಗೆ ತೇಲುತ್ತಿದ್ದ ಹಡಗು ಮಧ್ಯಾಹ್ನಕ್ಕೆ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿರುವುದು. ನಡುಹೊಳೆಯಲ್ಲಿ ಲಂಗರು ಹಾಕೋಣವೆಂದರೆ ಗಾಳಿ, ಸೆಳವು. ಸರಕನ್ನೆಲ್ಲ ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ತರಬೇಕು. ನಡುವೆ ನೆನೆಯುವುದೆಷ್ಟು, ಕಳುವಾಗುವುದೆಷ್ಟು! ಒಂದು ಹಡಗು ಖಾಲಿಯಾಗಲು ಹನ್ನೆರಡರಿಂದ ಹದಿನಾಲ್ಕು ದಿನ ಬೇಕಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಊರಿನ ಪಟ್ಟಣಸಭೆಯು ೧೭೦೯ರಲ್ಲಿ ಪಾರ್ಲಿಮೆಂಟಿನಿಂದ ಕಾಯಿದೆಯನ್ನು ಪಡೆದು, ಥಾಮಸ್ ಸ್ಟೀರ್ಸ್ ಎಂಬ ಇಂಜಿನಿಯರನನ್ನು ಕರೆಸಿತು. ಆತನು ಆ ಅಳಿವೆಯ ಬಾಯಿಯಲ್ಲಿಯೇ ಇಟ್ಟಿಗೆಯ ಗೋಡೆಗಳನ್ನೆಬ್ಬಿಸಿ, ಮೂರೂವರೆ ಎಕರೆಯಷ್ಟು ನೀರನ್ನು ಒಳಗೆ ಕಟ್ಟಿ, ಹೊಳೆಯ ಕಡೆಗೆ ಮರದ ಬಾಗಿಲುಗಳನ್ನಿರಿಸಿದನು. ಉಬ್ಬರದ ವೇಳೆಗೆ ಬಾಗಿಲು ತೆರೆದು ಹಡಗುಗಳನ್ನು ಒಳಕ್ಕೆ ಬಿಟ್ಟುಕೊಳ್ಳುವುದು. ಇಳಿತಕ್ಕೆ ಮುಂಚೆ ಮುಚ್ಚುವುದು. ಒಳಗಿನ ನೀರೇ ಬಾಗಿಲನ್ನು ಒತ್ತಿ ಹಿಡಿಯುವುದು. ಕೇಳುವುದಕ್ಕೆ ಗದ್ದೆಯ ತೂಬಿನಷ್ಟೇ ಸರಳ. ಆದರೆ ನೂರು ಹಡಗುಗಳನ್ನು ತೇಲಿಸಿಡತಕ್ಕ ತೂಬು ಅದು. ಪಟ್ಟಣಸಭೆಯು ಊರಿನ ಜಮೀನನ್ನೆಲ್ಲ ಅಡವಿಟ್ಟು ಇದಕ್ಕೆ ಹಣ ಹೊಂದಿಸಿತು. ೧೭೧೫ರ ಆಗಸ್ಟ್ ೩೧ರಂದು ಡಾಕು ತೆರೆಯಿತು. ಹದಿನಾಲ್ಕು ದಿನದ ಕೆಲಸವು ಒಂದೂವರೆ ದಿನಕ್ಕಿಳಿಯಿತು.

ಇದರ ಮಹತ್ವವನ್ನು ಹೋಟೆಲಿನ ಗಲ್ಲಾದ ಮೇಲೆ ಕುಳಿತವರಿಗೆ ವಿವರಿಸಬೇಕಾದುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ಟೇಬಲು ಎಷ್ಟು ಸಲ ತುಂಬಿ ಖಾಲಿಯಾಗುವುದೋ ಅಷ್ಟೇ ಆ ದಿನದ ವ್ಯಾಪಾರ. ಗಿರಾಕಿಯು ಎಲೆಯ ಮುಂದೆ ಗಂಟೆಗಟ್ಟಲೆ ಕುಳಿತರೆ ಅಡುಗೆ ಎಷ್ಟು ರುಚಿಯಾಗಿದ್ದರೇನು? ಹಡಗಿನ ಮಾತೂ ಅದೇ. ದಡದಲ್ಲಿ ಕಳೆದ ದಿನವೆಲ್ಲ ಖಲಾಸಿಗಳ ಸಂಬಳ, ಸಾಲದ ಬಡ್ಡಿ.

ಈಗ ಪ್ರಶ್ನೆ: ಅಷ್ಟು ಅವಸರ ಯಾವ ವ್ಯಾಪಾರಕ್ಕೆ?

ಲಿವರ್‌ಪೂಲಿನಿಂದ ಹೊರಟುದೆಂದು ದಾಖಲೆಯಿರುವ ಮೊದಲ ಗುಲಾಮರ ಹಡಗಿನ ಹೆಸರು ‘ಲಿವರ್‌ಪೂಲ್ ಮರ್ಚಂಟ್’. ೧೬೯೯ರಲ್ಲಿ ಹೊರಟು ಆಫ್ರಿಕದಿಂದ ೨೨೦ ಮಂದಿಯನ್ನು ತುಂಬಿಕೊಂಡು ಬಾರ್ಬೆಡೋಸ್ ದ್ವೀಪದಲ್ಲಿ ಮಾರಿತು. ಊರಿನ ಹಿರಿಯನೂ, ಹಿಂದೆ ಮೇಯರನಾಗಿದ್ದವನೂ, ಡಾಕು ಕಟ್ಟುವ ಕಾಲಕ್ಕೆ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ ಸರ್ ಥಾಮಸ್ ಜಾನ್ಸನ್ ಎಂಬಾತನು ಮೊದಮೊದಲಿನ ಇಂಥ ಹಡಗುಗಳಲ್ಲಿ ಪಾಲುದಾರನು. ಅಲ್ಲಿಂದ ಮುಂದೆ ೧೮೦೭ರಲ್ಲಿ ಈ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸುವವರೆಗೆ, ಲಿವರ್‌ಪೂಲಿನ ಹಡಗುಗಳು ಐದು ಸಾವಿರಕ್ಕೂ ಮಿಕ್ಕಿ ಯಾನಗಳನ್ನು ಮಾಡಿ, ಸುಮಾರು ಹದಿನೈದು ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ಸಾಗರದಾಚೆ ಸಾಗಿಸಿದವು. ಬ್ರಿಟಿಷ್ ಹಡಗುಗಳು ಸಾಗಿಸಿದವರಲ್ಲಿ ಇದು ಸರಿಸುಮಾರು ಅರ್ಧ. ೧೭೯೦ರ ದಶಕದಲ್ಲಿಯಂತೂ ಬ್ರಿಟನ್ನಿನ ಗುಲಾಮ ವ್ಯಾಪಾರದ ನೂರಕ್ಕೆ ಎಂಬತ್ತು ಪಾಲು ಈ ಒಂದು ಊರಿನ ಕೈಯಲ್ಲಿತ್ತು. ೧೭೮೭ರಲ್ಲಿ ಪಟ್ಟಣಸಭೆಯ ೪೧ ಸದಸ್ಯರಲ್ಲಿ ೩೭ ಮಂದಿ ಒಂದಲ್ಲ ಒಂದು ಬಗೆಯಲ್ಲಿ ಇದರಲ್ಲಿ ಸೇರಿದವರು. ಡಾಕುಗಳ ಒಡೆತನ ಅದೇ ಪಟ್ಟಣಸಭೆಯದು. ಹಡಗಿನ ಧನಿಯೂ ಅವನೇ, ಬಂದರಿನ ಧನಿಯೂ ಅವನೇ.

ಸರಪಳಿ ಹಾಕಿದ ಆಫ್ರಿಕನ್ನರು ಸಾಲಾಗಿ ಲಿವರ್‌ಪೂಲಿನ ಕಟ್ಟೆಯ ಮೇಲೆ ಇಳಿದರೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಅಲ್ಲಿಗೆ ತಂದು ಮಾರಿದವರು ಕೆಲವರೇ. ಹಡಗು ಹೋಗುವಾಗ ಬಟ್ಟೆ, ಬಂದೂಕು, ಹಿತ್ತಾಳೆ, ಮಣಿ, ಮದ್ಯಗಳನ್ನು ತುಂಬಿಕೊಂಡು ಆಫ್ರಿಕಕ್ಕೆ. ಅಲ್ಲಿ ಮನುಷ್ಯರನ್ನು ಕೊಂಡು ವೆಸ್ಟ್ ಇಂಡೀಸಿಗೆ ಅಥವಾ ಅಮೆರಿಕಕ್ಕೆ. ಅಲ್ಲಿಂದ ಸಕ್ಕರೆ, ರಮ್ಮು, ಹೊಗೆಸೊಪ್ಪು, ಹತ್ತಿಗಳೊಡನೆ ಮರಳಿ ಮನೆಗೆ. ಹೀಗೆ ಮೂರು ಮೂಲೆಯ ಯಾನ. ಲಿವರ್‌ಪೂಲಿನ ಮರ್ಯಾದಸ್ಥ ಗೃಹಸ್ಥನು ಕಂಡದ್ದು ಸಕ್ಕರೆಯ ಪೀಪಾಯಿ ಮಾತ್ರ. ಈ ಏರ್ಪಾಡಿನಲ್ಲಿ ನಮ್ಮ ದೇಶದ ವಸ್ತುಗಳೂ ಸಿಕ್ಕಿಕೊಂಡಿದ್ದವು. ಆಫ್ರಿಕದ ಕರಾವಳಿಯಲ್ಲಿ ಬಹಳ ಬೇಡಿಕೆಯಿದ್ದುದು ಭಾರತದಲ್ಲಿ ನೇಯ್ದ ಹತ್ತಿಯ ಬಟ್ಟೆಗೆ. ಮಾಲ್ಡೀವ್ಸ್ ದ್ವೀಪಗಳಲ್ಲಿ ಹೆಕ್ಕಿದ ಕವಡೆಗಳೂ ಅಲ್ಲಿ ನಾಣ್ಯವಾಗಿ ನಡೆಯುತ್ತಿದ್ದವು. ನಮ್ಮಲ್ಲಿ ಮಕ್ಕಳು ಪಗಡೆಯಾಡುವ ಕವಡೆಯಿಂದ ಅಲ್ಲಿ ಮನುಷ್ಯನ ಬೆಲೆ ಎಣಿಸಿದರು.

ಆ ಹಡಗುಗಳ ಒಳಗಿನ ಸ್ಥಿತಿಗೆ ಒಂದು ಉದಾಹರಣೆ ಸಾಕು. ‘ಬ್ರೂಕ್ಸ್’ ಎಂಬ ಲಿವರ್‌ಪೂಲಿನ ಹಡಗಿನಲ್ಲಿ ೧೭೮೮ರ ಕಾಯಿದೆಯ ಪ್ರಕಾರ ೪೫೪ ಮಂದಿಯನ್ನು ಸಾಗಿಸಲು ಅನುಮತಿಯಿತ್ತು; ಕಾಯಿದೆಗೆ ಮುಂಚೆ ಅದೇ ಹಡಗು ಆರುನೂರಕ್ಕೂ ಹೆಚ್ಚು ಜನರನ್ನು ಹೊತ್ತಿತ್ತು. ಗುಲಾಮ ವ್ಯಾಪಾರದ ವಿರೋಧಿಗಳು ಆ ೪೫೪ ಮಂದಿಯನ್ನು ಹೇಗೆ ಮಲಗಿಸಬೇಕಾಗುವುದೆಂಬ ನಕ್ಷೆಯನ್ನು ಅಚ್ಚುಹಾಕಿಸಿ ಹಂಚಿದರು. ಡಬ್ಬಿಯಲ್ಲಿ ಜೋಡಿಸಿದ ಬೆಂಕಿಕಡ್ಡಿಗಳಂತೆ ಮನುಷ್ಯರ ಸಾಲು. ಪಾರ್ಲಿಮೆಂಟಿನ ಭಾಷಣಗಳಿಗಿಂತ ಆ ಒಂದು ಹಾಳೆಯೇ ಹೆಚ್ಚು ಕೆಲಸ ಮಾಡಿತೆಂದು ನಮಗೆ ತೋರುತ್ತದೆ.

ಮೊದಲ ಡಾಕು ಸಾಲದಾಯಿತು. ೧೭೫೩ರಲ್ಲಿ ಸಾಲ್ಟ್‌ಹೌಸ್ ಡಾಕ್, ೧೭೭೧ರಲ್ಲಿ ಜಾರ್ಜಸ್ ಡಾಕ್, ೧೭೮೮ರಲ್ಲಿ ಕಿಂಗ್ಸ್ ಡಾಕ್, ೧೭೯೬ರಲ್ಲಿ ಕ್ವೀನ್ಸ್ ಡಾಕ್, ಹೀಗೆ ಹೊಳೆಯ ದಂಡೆಯನ್ನು ತುಂಬುತ್ತ, ನೀರನ್ನು ಚೌಕ ಚೌಕವಾಗಿ ಕತ್ತರಿಸುತ್ತ ಊರು ಮುಂದೊತ್ತಿತು. ಜಾರ್ಜಸ್ ಡಾಕಿನ ಬದಿಯ ಭಂಡಸಾಲೆಗಳಿಗೆ ‘ಗೊರೀ’ ಎಂಬ ಹೆಸರು. ಆಫ್ರಿಕದ ಸೆನೆಗಾಲ್ ಕರಾವಳಿಯ ಗುಲಾಮರ ದ್ವೀಪವೊಂದರ ಹೆಸರದು. ಟೌನ್ ಹಾಲಿನ ಹೊರಗೋಡೆಯ ಮೇಲೆ ಆಫ್ರಿಕನ್ನರ ಮುಖ, ಆನೆ, ಮೊಸಳೆಗಳನ್ನು ಕೆತ್ತಿಸಿದರು. ಮುಚ್ಚಿಡುವ ಸಂಕೋಚವೇ ಅವರಿಗಿರಲಿಲ್ಲ. ೧೮೦೧ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಎಪ್ಪತ್ತೇಳು ಸಾವಿರವನ್ನು ದಾಟಿತ್ತು.

ಡಾಕು ಮಾತ್ರವಲ್ಲ, ಒಳನಾಡಿನ ನೀರೂ ಈ ವ್ಯಾಪಾರಕ್ಕೆ ಬಾಗಿತು. ಚೆಷೈರ್ ಸೀಮೆಯ ಉಪ್ಪು ಬರಲು ವೀವರ್ ಹೊಳೆಯನ್ನು ೧೭೩೨ರೊಳಗೆ ದೋಣಿ ನಡೆಯುವಂತೆ ತಿದ್ದಿದರು. ಉಪ್ಪು ಕಾಸಲು ಕಲ್ಲಿದ್ದಲು ಬೇಕು; ಅದಕ್ಕಾಗಿ ೧೭೫೭ರಲ್ಲಿ ಸ್ಯಾಂಕಿ ಕಾಲುವೆ ತೆರೆಯಿತು. ಅದನ್ನು ತೋಡಿಸಿದವನು ಲಿವರ್‌ಪೂಲ್ ಡಾಕಿನ ಇಂಜಿನಿಯರನಾದ ಹೆನ್ರಿ ಬೆರಿ. ಅದರ ದೊಡ್ಡ ಪಾಲುದಾರರಲ್ಲೊಬ್ಬನಾದ ಜಾನ್ ಆಷ್ಟನ್ ಎಂಬಾತನು ಉಪ್ಪಿನ ವ್ಯಾಪಾರಿಯೂ ಹೌದು, ಗುಲಾಮರ ವ್ಯಾಪಾರಿಯೂ ಹೌದು. ೧೭೭೦ರಲ್ಲಿ ಆರಂಭಿಸಿ ೧೮೧೬ರಲ್ಲಿ ಮುಗಿಸಿದ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಉದ್ದ ೧೨೭ ಮೈಲಿ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಲಿವರ್‌ಪೂಲಿನ ಪ್ರತಿಯೊಂದು ಇಟ್ಟಿಗೆಯೂ ಗುಲಾಮರ ರಕ್ತದಿಂದ ಆಯಿತೆಂದು ಹೇಳುವವರುಂಟು. ಗುಲಾಮರ ಹಡಗುಗಳು ಅಲ್ಲಿಂದ ಹೊರಡುತ್ತಿದ್ದ ಹಡಗುಗಳಲ್ಲಿ ಹತ್ತರಲ್ಲೊಂದು ಪಾಲಷ್ಟೇ, ಉಪ್ಪು, ಕಲ್ಲಿದ್ದಲು, ಐರ್ಲೆಂಡಿನ ವ್ಯಾಪಾರಗಳೇ ಹೆಚ್ಚಿನವು ಎನ್ನುವವರೂ ಉಂಟು. ಎರಡನೆಯವರ ಲೆಕ್ಕ ಸುಳ್ಳಲ್ಲ. ಆದರೆ ಮಿಕ್ಕ ಒಂಬತ್ತು ಹಡಗುಗಳಲ್ಲಿ ವೆಸ್ಟ್ ಇಂಡೀಸಿನಿಂದ ಸಕ್ಕರೆಯನ್ನು ನೇರವಾಗಿ ತರುತ್ತಿದ್ದವು ಎಷ್ಟಿಲ್ಲ! ಆ ಸಕ್ಕರೆಯ ಕಬ್ಬು ಕಡಿದವರು ಯಾರು? ವ್ಯಾಪಾರದ ಖಾತೆಯಲ್ಲಿ ಒಂದು ಬಾಬಿನಿಂದ ಇನ್ನೊಂದು ಬಾಬಿಗೆ ಬರೆದ ಮಾತ್ರಕ್ಕೆ ರಕಮು ಬೇರೆಯಾಗುವುದಿಲ್ಲವೆಂಬುದು ಗುಮಾಸ್ತರಾದ ನಮ್ಮ ವಾಚಕರಿಗೆ ತಿಳಿದದ್ದೇ.

ಆ ಊರಿನಲ್ಲಿಯೇ ವಿರೋಧಿಸಿದವರೂ ಇದ್ದರು. ವಿಲಿಯಂ ರಾಸ್ಕೋ ಎಂಬ ವಿದ್ವಾಂಸನು ಲಿವರ್‌ಪೂಲಿನ ಪ್ರತಿನಿಧಿಯಾಗಿದ್ದೂ ೧೮೦೭ರಲ್ಲಿ ಈ ವ್ಯಾಪಾರದ ನಿಷೇಧಕ್ಕೆ ಮತ ಕೊಟ್ಟನು. ಎಡ್ವರ್ಡ್ ರಷ್ಟನ್ ಎಂಬಾತನು ಗುಲಾಮರ ಹಡಗಿನಲ್ಲಿ ನಾವಿಕನಾಗಿದ್ದಾಗ, ಕಣ್ಣುಬೇನೆ ಬಿದ್ದು ನರಳುತ್ತಿದ್ದ ಗುಲಾಮರಿಗೆ ಉಪಚಾರ ಮಾಡಿ ತಾನೂ ಕುರುಡನಾದವನು. ಊರಿಗೆ ಮರಳಿ ಕವಿತೆ ಬರೆದು, ಪುಸ್ತಕ ಮಾರಿ ಬದುಕಿದನು. ೧೭೯೧ರಲ್ಲಿ ಸ್ಥಾಪನೆಯಾದ ಅಲ್ಲಿಯ ಅಂಧರ ಶಾಲೆಗೆ ಕಾರಣಕರ್ತರಲ್ಲಿ ಒಬ್ಬನಾದನು.

೧೮೦೭ರಲ್ಲಿ ವ್ಯಾಪಾರ ನಿಂತಿತು, ಗುಲಾಮಗಿರಿ ನಿಲ್ಲಲಿಲ್ಲ. ಇದರ ಮುಂದಿನ ಕಥೆಯನ್ನು ತಿಳಿಯಲು ಜಾನ್ ಗ್ಲಾಡ್‌ಸ್ಟನ್ ಎಂಬೊಬ್ಬ ಲಿವರ್‌ಪೂಲ್ ವರ್ತಕನನ್ನು ಹಿಂಬಾಲಿಸುವುದು ಅನುಕೂಲ. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿಲಿಯಂ ಗ್ಲಾಡ್‌ಸ್ಟನ್ನನ ತಂದೆ ಈತ. ಈಸ್ಟ್ ಇಂಡಿಯಾ ಕಂಪನಿಯ ಭಾರತ ವ್ಯಾಪಾರದ ಏಕಸ್ವಾಮ್ಯವು ೧೮೧೩ರಲ್ಲಿ ಮುರಿದೊಡನೆ ಲಿವರ್‌ಪೂಲಿನಿಂದ ಕಲಕತ್ತೆಗೆ ‘ಕಿಂಗ್ಸ್‌ಮಿಲ್’ ಎಂಬ ಹಡಗನ್ನು ಕಳುಹಿದ ಚತುರನು. ದಕ್ಷಿಣ ಅಮೆರಿಕದ ಡೆಮರಾರ ಎಂಬ ಸೀಮೆಯಲ್ಲಿ, ಅಂದರೆ ಈಗಿನ ಗಯಾನದಲ್ಲಿ, ಅವನಿಗೆ ಕಬ್ಬಿನ ತೋಟಗಳಿದ್ದವು.

ಆ ಗಯಾನದ ನೀರಿನ ವಿಚಾರವನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ಅಲ್ಲಿಯ ಕರಾವಳಿಯು ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ಜೌಗು ನೆಲ. ಮುಂದೆ ಸಮುದ್ರ ನುಗ್ಗದಂತೆ ಒಡ್ಡು, ಹಿಂದೆ ಕಾಡಿನ ನೀರು ಬರದಂತೆ ಒಡ್ಡು, ನಡುವೆ ಮಳೆನೀರು ಹೊರಹೋಗಲು ಕಾಲುವೆ, ಕಬ್ಬು ಸಾಗಿಸುವ ದೋಣಿಗೆ ಇನ್ನೊಂದು ಕಾಲುವೆ, ಇಳಿತದ ಹೊತ್ತಿಗೆ ಮಾತ್ರ ತೆರೆಯಬೇಕಾದ ತೂಬುಗಳು, ಇಷ್ಟು ಇಲ್ಲದೆ ಅಲ್ಲಿ ಕಬ್ಬಿನ ಒಂದು ಜಲ್ಲೆಯೂ ನಿಲ್ಲದು. ಮೊದಲು ಡಚ್ಚರು, ಆಮೇಲೆ ಇಂಗ್ಲಿಷರು ಇದನ್ನೆಲ್ಲ ಗುಲಾಮರ ಕೈಯಿಂದ ತೋಡಿಸಿದರು. ಯಂತ್ರವಿಲ್ಲ, ಸನಿಕೆ ಮತ್ತು ಸೊಂಟದವರೆಗೆ ಕೆಸರು. ಹೀಗೆ ಅವರು ಎತ್ತಿ ಹಾಕಿದ ಹಸಿಮಣ್ಣು ಹತ್ತು ಕೋಟಿ ಟನ್ನುಗಳೆಂಬ ಅಂದಾಜನ್ನು ಗಯಾನದವರೇ ಆದ ಇತಿಹಾಸಕಾರ ವಾಲ್ಟರ್ ರಾಡ್ನಿಯವರು ಉಲ್ಲೇಖಿಸಿದ್ದಾರೆ. ಗದ್ದೆಯ ಬದು ಕಟ್ಟಿದವರು, ಹೂಳೆತ್ತಿದವರು ನಮ್ಮಲ್ಲಿದ್ದರೆ ಒಂದು ಬುಟ್ಟಿ ಹಸಿಮಣ್ಣಿನ ಭಾರವೆಷ್ಟೆಂದು ಬಲ್ಲರು. ಲಿವರ್‌ಪೂಲಿನ ಡಾಕಿನ ಬಾಗಿಲಿಗೂ ಡೆಮರಾರದ ತೂಬಿಗೂ ತತ್ವ ಒಂದೇ. ಅಲ್ಲಿ ನೀರನ್ನು ಒಳಗೆ ಹಿಡಿದರು, ಇಲ್ಲಿ ಹೊರಗೆ ತಡೆದರು. ಡೆಮರಾರದ ನೀರು ತಡೆಯದಿದ್ದರೆ ಲಿವರ್‌ಪೂಲಿನ ನೀರು ಹಿಡಿದು ಪ್ರಯೋಜನವೇನಿದ್ದಿತು?

೧೮೨೩ರಲ್ಲಿ ಡೆಮರಾರದ ಗುಲಾಮರು ದಂಗೆಯೆದ್ದರು. ಅದು ಆರಂಭವಾದುದು ಗ್ಲಾಡ್‌ಸ್ಟನ್ನನ ‘ಸಕ್ಸೆಸ್’ ಎಂಬ ತೋಟದಿಂದ. ಮುಂದಾಳುಗಳಲ್ಲೊಬ್ಬನಾದ ಗುಲಾಮನ ಹೆಸರು ಜಾಕ್ ಗ್ಲಾಡ್‌ಸ್ಟನ್. ಧನಿಯ ಅಡ್ಡಹೆಸರನ್ನೇ ಹೊತ್ತವನು. ದಂಗೆಯನ್ನು ನಿರ್ದಯೆಯಿಂದ ತುಳಿದರು. ೧೮೩೩ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯಿದೆ ಬಂದಾಗ ಬ್ರಿಟಿಷ್ ಸರಕಾರವು ಎರಡು ಕೋಟಿ ಪೌಂಡು ಪರಿಹಾರವನ್ನು ಗೊತ್ತುಮಾಡಿತು. ಪರಿಹಾರ ದೊರೆತದ್ದು ಗುಲಾಮರಿಗಲ್ಲ, ಧನಿಗಳಿಗೆ. ಗ್ಲಾಡ್‌ಸ್ಟನ್ನನಿಗೆ ಎರಡೂವರೆ ಸಾವಿರ ಗುಲಾಮರ ಬಾಬ್ತು ಒಂದು ಲಕ್ಷ ಆರು ಸಾವಿರ ಪೌಂಡಿಗೂ ಮೇಲೆ ಸಂದಿತು. ದುಡಿದವನಿಗೆ ದೊರೆತದ್ದು ಇನ್ನೂ ಕೆಲವು ವರ್ಷ ಅದೇ ಧನಿಯಲ್ಲಿ ‘ಉಮೇದುವಾರಿ’ ಮಾಡತಕ್ಕದ್ದೆಂಬ ಆಜ್ಞೆ.

ಆ ಉಮೇದುವಾರಿಯೂ ಮುಗಿಯುವುದೆಂದು ಕಂಡಾಗ ಗ್ಲಾಡ್‌ಸ್ಟನ್ನನಿಗೆ ಭಾರತದ ನೆನಪಾಯಿತು. ೧೮೩೬ರ ಜನವರಿಯಲ್ಲಿ ಅವನು ಕಲಕತ್ತೆಯ ಗಿಲಾಂಡರ್ಸ್ ಅರ್ಬತ್‌ನಾಟ್ ಕಂಪನಿಗೆ ಪತ್ರ ಬರೆದು, ಕರಾರಿನ ಮೇಲೆ ಕೂಲಿಗಳು ದೊರೆಯುವರೇ ಎಂದು ಕೇಳಿದನು. ದೊರೆತರು. ೧೮೩೮ರ ಜನವರಿಯಲ್ಲಿ ‘ವ್ಹಿಟ್‌ಬಿ’ ಮತ್ತು ‘ಹೆಸ್ಪೆರಸ್’ ಎಂಬ ಎರಡು ಹಡಗುಗಳು ಕಲಕತ್ತೆಯಿಂದ ಹೊರಟವು. ಮೇ ೫ರಂದು ೩೯೬ ಮಂದಿ ಭಾರತೀಯರು ಡೆಮರಾರ ತಲುಪಿದರು. ಐದು ವರ್ಷದ ಕರಾರು. ಎಲ್ಲಿಗೆ ಹೋಗುತ್ತೇವೆ, ಎಷ್ಟು ದೂರ, ಏನು ಕೆಲಸ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ೧೮೩೯ರಲ್ಲಿ ಜಾನ್ ಸ್ಕೋಬಲ್ ಎಂಬ ಗುಲಾಮಗಿರಿಯ ವಿರೋಧಿಯು ಅಲ್ಲಿಗೆ ಹೋಗಿ ನೋಡಿ, ಗ್ಲಾಡ್‌ಸ್ಟನ್ನನ ಫ್ರೀಡ್-ಎನ್-ಹೋಪ್ ತೋಟದಲ್ಲಿ ಈ ಕೂಲಿಗಳನ್ನು ಹೊಡೆಯುತ್ತಿದ್ದುದನ್ನೂ ರೋಗದಲ್ಲಿ ಬಿಟ್ಟಿದ್ದುದನ್ನೂ ಬಯಲಿಗೆ ತಂದನು. ಕೆಲವು ವರ್ಷ ಈ ಸಾಗಣೆ ನಿಂತಿತು. ೧೮೪೫ರಿಂದ ಮತ್ತೆ ಆರಂಭವಾಯಿತು. ೧೯೧೭ರವರೆಗೆ ಗಯಾನ ಒಂದಕ್ಕೇ ಹೋದ ಭಾರತೀಯರು ಎರಡು ಲಕ್ಷ ಮೂವತ್ತೆಂಟು ಸಾವಿರಕ್ಕೂ ಹೆಚ್ಚು. ಗುಲಾಮರು ತೋಡಿದ ಕಾಲುವೆಗಳ ಹೂಳೆತ್ತುವ ಕೆಲಸ ಇವರ ಪಾಲಿಗೆ ಬಂದಿತು.

ಊರಿನಲ್ಲಿ ಮುಂಗಡ ಕೊಟ್ಟು, ಪಟ್ಟಣದಲ್ಲಿ ಸುಖವಿದೆಯೆಂದು ಹೇಳಿ, ಹುಡುಗರನ್ನು ರೈಲು ಹತ್ತಿಸಿಕೊಂಡು ಬರುವ ಪದ್ಧತಿಯನ್ನು ಹೋಟೆಲು ಉದ್ಯಮದಲ್ಲಿ ನಾವೆಲ್ಲ ಕಂಡವರೇ. ಅದಕ್ಕೂ ಇದಕ್ಕೂ ಸಮವೆಂದು ನಾವು ಹೇಳುವುದಿಲ್ಲ. ನಮ್ಮ ಹುಡುಗನಿಗೆ ರಾತ್ರಿ ಶಾಲೆಯುಂಟು, ಧನಿ ಸರಿಯಿಲ್ಲದಿದ್ದರೆ ಪಕ್ಕದ ಹೋಟೆಲುಂಟು, ಊರಿಗೆ ಮರಳುವ ದಾರಿಯುಂಟು. ಡೆಮರಾರದ ಕೂಲಿಗೆ ಇದ್ದುದು ಸಮುದ್ರ. ಆದರೆ ಓದು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವು ಏನೇನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇನ್ನು ಹತ್ತಿ. ೧೭೮೪ರಲ್ಲಿ ಅಮೆರಿಕದ ಹಡಗೊಂದು ಎಂಟು ಚೀಲ ಹತ್ತಿಯನ್ನು ಲಿವರ್‌ಪೂಲಿಗೆ ತಂದಾಗ, ಅಷ್ಟು ಹತ್ತಿ ಆ ದೇಶದಲ್ಲಿ ಬೆಳೆದಿರಲಾರದೆಂದು ಸುಂಕದವರು ಅದನ್ನು ತಡೆಹಿಡಿದರೆಂಬ ಕಥೆಯುಂಟು. ಹತ್ತು ವರ್ಷಗಳಲ್ಲಿ ವಿಟ್ನಿಯ ಜಿನ್ನು ಬಂದಿತು. ಐವತ್ತು ವರ್ಷಗಳಲ್ಲಿ ಗುಲಾಮರು ಬಿಡಿಸಿದ ಅಮೆರಿಕದ ಹತ್ತಿಯೇ ಲಿವರ್‌ಪೂಲಿನ ಉಸಿರಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅದನ್ನು ಮುಟ್ಟಿಸಲು ಕಾಲುವೆಗಳು ಸಾಲದೆ ೧೮೩೦ರಲ್ಲಿ ರೈಲುದಾರಿಯೇ ಆಯಿತು. ೧೮೪೬ರಲ್ಲಿ ಜೆಸ್ಸಿ ಹಾರ್ಟ್ಲಿ ಎಂಬ ಇಂಜಿನಿಯರನು ಕಟ್ಟಿದ ಆಲ್ಬರ್ಟ್ ಡಾಕು, ಬೆಂಕಿ ತಗುಲದ ಭಂಡಸಾಲೆಗಳೊಡನೆ ತೆರೆಯಿತು. ಬ್ರಿಟನ್ನಿನಲ್ಲಿ ಗುಲಾಮಗಿರಿ ಪಾಪವೆಂದು ಪ್ರಾರ್ಥನೆ ನಡೆಯುತ್ತಿದ್ದ ಕಾಲದಲ್ಲಿಯೇ ಗುಲಾಮರ ಬೆಳೆಗೆ ಏಳು ಮೈಲಿ ಡಾಕು ಸಿದ್ಧವಾಗುತ್ತಿತ್ತು.

ನಮ್ಮ ನಾಡಿನ ಕವಲು ಇಲ್ಲಿ ಕೂಡುತ್ತದೆ. ಅಮೆರಿಕ ಒಂದನ್ನೇ ನೆಚ್ಚಿದರೆ ಅಪಾಯವೆಂದು ಈಸ್ಟ್ ಇಂಡಿಯಾ ಕಂಪನಿಯು ೧೮೪೦ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ತೋಟಗಾರರನ್ನು ಭಾರತಕ್ಕೆ ಕರೆತಂದಿತು. ಗುಲಾಮರಿಂದ ದುಡಿಸಿ ಕಲಿತ ಬೇಸಾಯವನ್ನು ನಮ್ಮ ರೈತರಿಗೆ ಕಲಿಸಲು! ಮಿಕ್ಕ ಕಡೆ ಅವರ ಪ್ರಯತ್ನ ಹೆಚ್ಚಾಗಿ ಕೆಟ್ಟಿತು. ಆದರೆ ಧಾರವಾಡದ ಕಪ್ಪುನೆಲದಲ್ಲಿ ನ್ಯೂ ಆರ್ಲಿಯನ್ಸಿನ ಬೀಜ ಹಿಡಿಯಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಆ ಹತ್ತಿಯೂ, ‘ಕುಮಟಾ’ ಎಂಬ ಹೆಸರಿನಿಂದ ನಮ್ಮ ಜವಾರಿ ಹತ್ತಿಯೂ ಲಿವರ್‌ಪೂಲಿನ ಧಾರಣೆಯ ಪಟ್ಟಿಯಲ್ಲಿ ಸೇರಿದವು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಎತ್ತಿನ ಮೇಲೆ ದೇವಿಮನೆ ಘಟ್ಟವಿಳಿ­ದು ಬಂದ ಅಂಡಿಗೆಗಳು ಅಲ್ಲಿ ಪತೇಮಾರಿ ಹತ್ತಿ ಮುಂಬಯಿಗೆ ಹೋಗುತ್ತಿದ್ದುದರಿಂದ ಬಂದರಿನ ಹೆಸರು ಬೆಳೆಗೆ ಅಂಟಿತು.

೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ ಅಲ್ಲಿಯ ಹತ್ತಿ ನಿಂತಾಗ ಲಂಕಾಷೈರಿನ ಗಿರಣಿಗಳು ಮುಚ್ಚಿದವು, ಮುಂಬಯಿಯಲ್ಲಿ ಹೊನ್ನಿನ ಮಳೆಯಾಯಿತು. ಮ್ಯಾಂಚೆಸ್ಟರಿನವರ ಕಣ್ಣು ಕಾರವಾರದ ಆಳವಾದ ಕೊಲ್ಲಿಯ ಮೇಲೆ ಬಿದ್ದಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಈ ಹತ್ತಿಯ ಬಂದರಿನ ಆಸೆಯು ಮುಖ್ಯ ಕಾರಣ. ಒಂದೇ ಕನ್ನಡ ಜಿಲ್ಲೆ ಎರಡಾಗಿ, ದಕ್ಷಿಣದವರು ಮದ್ರಾಸಿಗೂ ಉತ್ತರದವರು ಮುಂಬಯಿಗೂ ಕೈಮುಗಿಯುತ್ತ ೧೯೫೬ರವರೆಗೆ ಉಳಿದರೆಂಬುದು ಹಿರಿಯರಿಗೆ ನೆನಪಿರಬಹುದು. ಲಿವರ್‌ಪೂಲಿನ ಅಂಡಿಗೆಗೂ ಅದಕ್ಕೂ ಸಂಬಂಧವಿದೆಯೆಂಬುದನ್ನು ನಮಗೆ ಯಾವ ಮಾಸ್ತರರೂ ಹೇಳಿಕೊಡಲಿಲ್ಲ. ೧೮೬೫ರ ವಸಂತದಲ್ಲಿ ಯುದ್ಧ ಮುಗಿಯಿತು. ಮುಂಬಯಿಯ ಬ್ಯಾಕ್ ಬೇ ಕಂಪನಿಯ ಷೇರುಗಳು ಹಾಳೆಯಾದವು. ಕಾರವಾರಕ್ಕೆ ಹುಬ್ಬಳ್ಳಿಯಿಂದ ಘಟ್ಟವಿಳಿದು ಬರಬೇಕಾಗಿದ್ದ ರೈಲು ಬರಲಿಲ್ಲ. ಅದು ಮುಂದೆ ಗೋವೆಯ ಮರ್ಮಗೋವೆಗೆ ಹೋಯಿತು. (ಹತ್ತಿಯ ಧಾರಣೆಯ ತಂತಿಯಿಂದ ಇನ್ನೊಂದು ಬೆಳೆಯೂ ಬಂದಿತೆನ್ನಿ. ನ್ಯೂಯಾರ್ಕ್ ಪೇಟೆಯ ಆರಂಭದ ಮತ್ತು ಮುಕ್ತಾಯದ ಅಂಕಿಗಳ ಮೇಲೆ ಮುಂಬಯಿಯಲ್ಲಿ ಜೂಜಾಡುತ್ತಿದ್ದರು. ೧೯೬೧ರಲ್ಲಿ ಆ ಅಂಕಿಗಳು ನಿಂತಾಗ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತತೊಡಗಿದರು. ಅದೇ ಮಟ್ಕಾ. ನಮ್ಮ ಎಷ್ಟು ಹುಡುಗರ ತಿಂಗಳ ಪಗಾರ ಆ ಮಡಕೆಗೆ ಬಿದ್ದಿತೆಂಬುದನ್ನು ಇಲ್ಲಿ ಬರೆಯುವುದು ಬೇಡ.)

ಲಿವರ್‌ಪೂಲಿನ ಮೊದಲ ಡಾಕು ಹೊಲಸು ನೀರಿನಿಂದ ನಾರತೊಡಗಿ, ಹೊಸ ಹಡಗುಗಳಿಗೆ ಕಿರಿದೂ ಆಗಿ, ೧೮೨೬ರಲ್ಲಿ ಮುಚ್ಚಿತು. ಅದನ್ನು ಮಣ್ಣಿನಿಂದ ತುಂಬಿ ಮೇಲೆ ಸುಂಕದ ಕಟ್ಟೆಯ ಭವ್ಯವಾದ ಕಟ್ಟಡವನ್ನೆಬ್ಬಿಸಿದರು. ೧೯೪೧ರಲ್ಲಿ ಜರ್ಮನರ ಬಾಂಬಿಗೆ ಸಿಕ್ಕಿ ಅದು ತೀರ ಹಾಳಾಯಿತು; ಮುಂದೆ ಅದನ್ನು ಕೆಡವಿದರು. ೨೦೦೧ರಲ್ಲಿ ಅಗೆದಾಗ ಸ್ಟೀರ್ಸನ ಇಟ್ಟಿಗೆಯ ಗೋಡೆಗಳು ಕೆಡದೆ ದೊರೆತವು. ಅವುಗಳ ಮೇಲೆ ಈಗ ಅಂಗಡಿಗಳ ದೊಡ್ಡ ಸಂಕೀರ್ಣವಿದೆ, ೨೦೧೦ರಿಂದ ಗೋಡೆಯ ಒಂದು ಭಾಗವನ್ನು ಜನರಿಗೆ ತೋರಿಸತೊಡಗಿದರು. ನಗರಸಭೆಯು ಗುಲಾಮ ವ್ಯಾಪಾರದಲ್ಲಿ ತನ್ನ ಪಾತ್ರಕ್ಕಾಗಿ ೧೯೯೯ರ ಡಿಸೆಂಬರಿನಲ್ಲಿ ಕ್ಷಮೆ ಕೇಳಿತು. ೨೦೦೭ರಲ್ಲಿ ಆಲ್ಬರ್ಟ್ ಡಾಕಿನ ಹಳೆಯ ಭಂಡಸಾಲೆಯಲ್ಲಿಯೇ ಗುಲಾಮಗಿರಿಯ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ಬಂದರಿನ ಪ್ರದೇಶಕ್ಕೆ ೨೦೦೪ರಲ್ಲಿ ದೊರೆತಿದ್ದ ವಿಶ್ವ ಪರಂಪರೆಯ ಗೌರವವನ್ನು, ಹೊಸ ಕಟ್ಟಡಗಳಿಂದ ಅದರ ರೂಪ ಕೆಟ್ಟಿತೆಂದು ಯುನೆಸ್ಕೋ ೨೦೨೧ರಲ್ಲಿ ಹಿಂದೆಗೆದುಕೊಂಡಿತು.

ಆ ಹೊಸ ಕಟ್ಟಡಗಳಲ್ಲೊಂದು ಫುಟ್‌ಬಾಲ್ ಕ್ರೀಡಾಂಗಣ. ಅದು ನಿಂತಿರುವುದು ಬ್ರ್ಯಾಮ್ಲಿ-ಮೂರ್ ಎಂಬ ಡಾಕನ್ನು ತುಂಬಿದ ನೆಲದ ಮೇಲೆ. ಆ ಹೆಸರಿನ ಮನುಷ್ಯನು ಬ್ರೆಜಿಲ್ ದೇಶದಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿ ಬಂದು ಡಾಕ್ ಸಮಿತಿಯ ಅಧ್ಯಕ್ಷನಾದವನು. ಆಗ ಅಲ್ಲಿ ಸಕ್ಕರೆ, ಕಾಫಿಗಳನ್ನು ಬೆಳೆಯುತ್ತಿದ್ದವರು ಗುಲಾಮರು. ೨೦೨೫ರ ಆಗಸ್ಟಿನಿಂದ ಎವರ್ಟನ್ ತಂಡವು ಅಲ್ಲಿ ಆಡುತ್ತಿದೆ. ಹೊಳೆಯ ಕಡೆಯ ಮಗ್ಗುಲಲ್ಲಿ ಹಳೆಯ ಡಾಕಿನ ನೀರಿನ ಗುರುತಾಗಿ ಒಂದು ಕಿರಿದಾದ ಕಾಲುವೆಯನ್ನು ಉಳಿಸಿದ್ದಾರೆ.